ರಬ್ಬರ್ ಇದೆಯಾ?

ಫೆಬ್ರವರಿ ೧೨

ಅಪ್ಪಾ,

ಆ ದಿನ ಗೇಟಿನ ಹತ್ತಿರ ನೀನು ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ "ರಬ್ಬರ್?" ಎಂದು ಕೇಳಿದೆ. ನಾನು "ಇದೆ" ಎಂದೆ. ಇರಲಿಲ್ಲ. ಹನ್ನೆರಡು ರೀಲುಗಳಲ್ಲಿ ಆರರ ಕೆಳಗೆ ಮಾತ್ರ ಇತ್ತು. ಇಷ್ಟನ್ನು ಹೇಳಲು ನನಗೆ ಎರಡು ತಿಂಗಳು ಮೂರು ದಿನ ಹಿಡಿಯಿತು.

ಆ ಊರಿನ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ನಾಲ್ಕು ದಿನ ಕೂತಿದ್ದಾಗಲೇ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಬರುತ್ತಿದ್ದಳು, ಇಲ್ಲವೇ ಅಮ್ಮ ಕಿತ್ತಳೆ ಸುಲಿದು ಕೈಗಿಡುತ್ತಿದ್ದಳು. ಅದೂ ನೆಪವೇ. ನರ್ಸ್ ಬರದಿದ್ದಾಗಲೂ, ಕಿತ್ತಳೆ ಮುಗಿದ ಮೇಲೂ ನಾನು ಹೇಳಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು "ಹೂಂ, ಹೂಂ, ಊಟ ಆಯ್ತಾ" ಎಂದು ಮಾತು ತೇಲಿಸುತ್ತೀಯ. ಕಾಗದವನ್ನು ತೇಲಿಸಲು ಬರುವುದಿಲ್ಲ. ನಿನ್ನ ಬಲಗೈ ಪ್ಲಾಸ್ಟರಿನಲ್ಲಿದೆ, ಕನ್ನಡಕ ಒಡೆದಿದೆ, ಅದಕ್ಕೆ ಪಕ್ಕದ ಮಂಚದ ಪೇಂಟರ್ ಅವರೇ ಓದಿ ಹೇಳುತ್ತಾರೆ, ಉತ್ತರವನ್ನೂ ಬರೆದುಕೊಡುತ್ತಾರೆ ಎಂದು ಅಮ್ಮ ಹೇಳಿದಳು. ಅಂದರೆ ಅವರಿಗೂ ಗೊತ್ತಾಗುತ್ತದೆ. ಆಗಲಿ.

ಪೇಂಟರ್ ಅವರೇ, ನಿಮಗೆ ಅರ್ಥವಾಗಲೆಂದು ಬರೆಯುತ್ತೇನೆ. ನಾನು ಕಾಗದದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಕಾಗದದ ರೀಲು ಎಂದರೆ ನನ್ನ ಭುಜದಷ್ಟು ಎತ್ತರ, ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಲಾರಿಯಲ್ಲಿ ಅವನ್ನು ಕಂಬದ ಹಾಗೆ ನಿಲ್ಲಿಸುತ್ತೇವೆ. ಒಂದೊಂದರ ಕೆಳಗೂ ರಬ್ಬರ್ ಹಾಸು ಹಾಕಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಜಾರುತ್ತದೆ. ಒಂದು ಜಾರಿದರೆ ಪಕ್ಕದ್ದನ್ನು ತಳ್ಳುತ್ತದೆ, ಎಲ್ಲ ಒಂದೇ ಕಡೆಗೆ ವಾಲಿದರೆ ಲಾರಿಯೂ ಅವುಗಳ ಹಿಂದೆ ಹೋಗುತ್ತದೆ. ಟಾರ್ಪಾಲು ಮುಚ್ಚಿದ ಮೇಲೆ ಡ್ರೈವರ್ ಏನನ್ನೂ ಬಿಚ್ಚಿ ನೋಡುವುದಿಲ್ಲ. ಮೂರು ಮಾತು ಕೇಳುತ್ತಾನೆ. ರಬ್ಬರ್? ಇದೆ. ಪಟ್ಟಿ? ಬಿಗಿ. ಬಾಗಿಲು? ಬಿತ್ತು. ಲೋಡಿನ ಚೀಟಿಯಲ್ಲಿ ಗುರುತು ಹಾಕುವವರೂ ನಾವೇ, ಡ್ರೈವರಿಗೆ ಲೋಡು ಹಾಕಿದವರ ಮಾತೇ ರಸೀದಿ. ಇದನ್ನು ನನಗೆ ಕಲಿಸಿದ್ದೇ ಅಪ್ಪ.

ಅಪ್ಪಾ, ನಾನು ಒಂಬತ್ತನೇ ತರಗತಿ ಬಿಟ್ಟಾಗ ಹೆಡ್‌ಮಾಸ್ಟರು "ಇವಳು ಬೆಂಚಿನ ಮೇಲೆ ಕೂರೋದು ಬೆಂಚಿಗೇ ಕಷ್ಟ, ಆದ್ರೆ ಸುಳ್ಳು ಮಾತ್ರ ಹೇಳಲ್ಲ" ಎಂದಿದ್ದರು. ಮೊದಲ ಅರ್ಧ ಬಿಟ್ಟು ಎರಡನೆಯ ಅರ್ಧವನ್ನು ನೀನು ಮಾರ್ಕ್ಸ್ ಕಾರ್ಡಿನ ಹಾಗೆ ಊರಿಗೆಲ್ಲ ತೋರಿಸಿಕೊಂಡು ಬಂದೆ. ಒಂದೇ ಒಂದು ಸುಳ್ಳು ಹೇಳಿದೆ, ಅದನ್ನೂ ನಿನಗೇ ಹೇಳಿದೆ.

ಹಳೆಯ ಹಾಸುಗಳು ಸವೆದು ಹರಿದು ಕೊನೆಗೆ ಹತ್ತು ಉಳಿದಿದ್ದವು. ಹೊಸವು ಬರುತ್ತವೆ, ಸೋಮವಾರ ಬರುತ್ತವೆ ಎಂದು ಸೂಪರ್‌ವೈಸರ್ ಮೂರು ತಿಂಗಳಿಂದ ಹೇಳುತ್ತಲೇ ಇದ್ದರು. ಆ ಹತ್ತರಲ್ಲಿ ನಾಲ್ಕನ್ನು ನಾನು ಗೋದಾಮಿನಿಂದ ಹೊರಗೆ ಒಯ್ದಿದ್ದೆ. ಎಲ್ಲಿಗೆ ಎಂದು ಈಗ ಬರೆಯಲಾರೆ. ಅದರಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಏನೂ ಗೊತ್ತಿಲ್ಲ.

ಹತ್ತೂ ಇದ್ದಿದ್ದರೆ ಲಾರಿ ಮಗುಚುತ್ತಿರಲಿಲ್ಲವೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಾರೆ. ಆದರೆ ರಸ್ತೆ ಬದಿಯಲ್ಲಿ ಕೂತು ಬೀಗದ ಕೀ ಮಾಡುತ್ತಿದ್ದ ಆ ಹೆಂಗಸಿನ ಕೈಮೇಲೆ ಬಿದ್ದದ್ದು ನಾನು ನಿಲ್ಲಿಸಿದ ರೀಲು. ನೀನು ಪೊಲೀಸರಿಗೆ "ಜೋರಾಗಿ ತಿರುಗಿಸಿದೆ" ಎಂದಿದ್ದೀಯಂತೆ. ನಿನ್ನ ಗಾಡಿಯಲ್ಲಿ ಇಪ್ಪತ್ತು ವರ್ಷ ಕೂತಿದ್ದೇನೆ. ನೀನು ತಿರುವಿನಲ್ಲಿ ಜೋರಾಗಿ ಹೋದದ್ದನ್ನು ನೋಡಿಲ್ಲ.

ಉತ್ತರ ಬರಿ.

ನಿನ್ನ
ಬುಗುರಿ


ಫೆಬ್ರವರಿ ೨೫

ಬುಗುರೀ,

ಕಾಗದ ಬಂತು. ಪೇಂಟರ್ ಓದಿದ್ರು. ಎರಡು ಸಲ ಓದಿಸ್ದೆ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ ಅಂತ ಮಾತು ಕೊಟ್ಟಿದ್ದಾರೆ.

(ಕೊಟ್ಟಿದ್ದೇನೆ. ಆದರೆ ಬಾಯಿಗೆ ಬಂದ ಬೈಗುಳಗಳನ್ನು ಬಿಟ್ಟಿದ್ದೇನೆ, ಅವು ಡಾಕ್ಟರಿಗೆ ಸಂಬಂಧಿಸಿದವು. — ಪೇಂಟರ್)

ಸೊಂಟ ಕೂಡ್ತಾ ಇದೆ. ಗಾಲಿ ಕುರ್ಚಿ ಕೊಟ್ಟಿದ್ದಾರೆ. ಹಾರ್ನ್ ಇಲ್ಲ, ಅದೊಂದೇ ಬೇಜಾರು. ಬಲಗೈ ಪ್ಲಾಸ್ಟರ್ ಮುಂದಿನ ತಿಂಗಳು ತೆಗೀತಾರಂತೆ. ಪೇಂಟರ್ ಏಣಿಯಿಂದ ಬಿದ್ದವರು. ಒಂದು ಅಂಗಡಿ ಬೋರ್ಡಿನ ಕೊನೇ ಅಕ್ಷರ ಬಾಕಿ ಇತ್ತಂತೆ, ಅದನ್ನ ಯಾರೋ ಬೇರೆಯವರು ಬರೆದುಬಿಟ್ರು ಅಂತ ಕಾಲು ಮುರಿದದ್ದಕ್ಕಿಂತ ಅದಕ್ಕೇ ಜಾಸ್ತಿ ಕೊರಗ್ತಾರೆ.

ನೀನು ಬರೆದಿದ್ದಕ್ಕೂ ಇಲ್ಲಿ ಆಗಿದ್ದಕ್ಕೂ ಸಂಬಂಧ ಇಲ್ಲ. ನಾನು ಜೋರಾಗಿ ಬಂದೆ, ಗಾಡಿ ಮಗುಚ್ತು. ಅಷ್ಟೇ.

(ಜೋರಾಗಿ ಎಂದರೆ ಎಷ್ಟು ಎಂದು ಕೇಳಿದೆ. "ನಿಮ್ಮ ಕೆಲಸ ಬರೆಯೋದು" ಎಂದರು. — ಪೇಂಟರ್)

ಏಪ್ರಿಲ್ ಹತ್ತೊಂಬತ್ತಕ್ಕೆ ಕೋರ್ಟಲ್ಲಿ ವಿಚಾರಣೆ ಇದೆ. ಕೀ ಮಾಡೋ ಆಯಮ್ಮ ಪರಿಹಾರ ಕೇಳಿ ಅರ್ಜಿ ಹಾಕಿದ್ದಾಳೆ. ಹಾಕ್ಬೇಕಾದ್ದೇ. ಅಲ್ಲೂ ನಾನು ಇದನ್ನೇ ಹೇಳೋದು. ನಿಂಗೆ ಇಪ್ಪತ್ತೆರಡು. ನಂಗೆ ಗಾಡಿ ಓಡಿಸೋ ಕಾಲ ಹೇಗೂ ಮುಗೀತಾ ಬಂತು. ಮುಗಿದ ಬತ್ತಿಗೆ ಇನ್ನೊಂದು ಸಲ ಗಾಳಿ ಊದಿದ್ರೆ ಏನು ನಷ್ಟ?

ಅಮ್ಮನ ಹೊಲಿಗೆ ಮೆಷಿನ್ ಈಗ ಸದ್ದು ಮಾಡ್ತಿಲ್ಲ ತಾನೆ? ಕೆಳಗಿನ ಮನೆಯವರು ಸುಮ್ಮನಿದ್ದಾರಾ? ಸುಮ್ಮನಿದ್ರೆ ಹಾಗೇ ಇರ್ಲಿ. ಅದರ ಕೆಳಗಿಂದ ಏನೂ ಎತ್ತೋಕೆ ಹೋಗ್ಬೇಡ. ಹೊತ್ತುಹೊತ್ತಿಗೆ ಊಟ ಮಾಡು.

ಅಪ್ಪ
(ಎಡಗೈ ಹೆಬ್ಬೆಟ್ಟು ಒತ್ತುತ್ತೇನೆ ಎಂದರು. ಇದೇನು ಕರಾರು ಪತ್ರವೇ ಎಂದು ನಾನು ಒಪ್ಪಲಿಲ್ಲ. — ಪೇಂಟರ್)


ಮಾರ್ಚ್ ೯

ಅಪ್ಪಾ,

ಮೆಷಿನ್ನಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ನನ್ನ ಕಾಗದದ ಕರಡು ನನ್ನ ಹತ್ತಿರವೇ ಇದೆ, ತೆಗೆದು ನೋಡಿದೆ. ಅದರಲ್ಲಿ ಅಮ್ಮ ಇದ್ದಾಳೆ, ಕಿತ್ತಳೆ ಇದೆ, ಮೆಷಿನ್ ಇಲ್ಲ. ಅದರ ಕೆಳಗಿಂದ ಏನೂ ಎತ್ತಬೇಡ ಎಂದು ನೀನು ಹೇಳಬೇಕಾದರೆ ಕೆಳಗೆ ಏನಿದೆ ಎಂದು ನಿನಗೆ ಗೊತ್ತಿರಬೇಕು.

ಸರಿ, ಇನ್ನು ಮುಚ್ಚಿಡುವುದೇನಿದೆ. ನಾಲ್ಕು ಹಾಸೂ ಅಲ್ಲೇ ಇವೆ, ನಾಲ್ಕು ಕಾಲುಗಳ ಕೆಳಗೆ. ಅಮ್ಮ ಮೋಟಾರು ಮೆಷಿನ್ ತಂದ ದಿನದಿಂದ ಅದು ನಡುಗುತ್ತ ನಡುಗುತ್ತ ಬಾಗಿಲಿನ ಕಡೆ ಹೊರಡುತ್ತಿತ್ತು. ಕೆಳಗಿನ ಮನೆಯವರು ಪೊರಕೆ ಕೋಲಿನಿಂದ ಅವರ ಸೀಲಿಂಗ್ ಕುಟ್ಟುತ್ತಿದ್ದರು. ಮನೆ ಓನರ್ ಬಂದು "ಮೆಷಿನ್ ಇರಬೇಕು, ಇಲ್ಲ ನೀವಿರಬೇಕು" ಎಂದು ಹೋದ. ಮರುದಿನವೇ ನಾನು ಹಾಸುಗಳನ್ನು ತಂದೆ. ಹರಿದದ್ದು, ಬಿಸಾಕುತ್ತಿದ್ದರು ಎಂದು ಅಮ್ಮನಿಗೆ ಹೇಳಿದೆ. ಹಾಗಾದರೆ ಸುಳ್ಳು ಒಂದಲ್ಲ, ಎರಡಾಯಿತು. ಹಿಂದಿನ ಕಾಗದದಲ್ಲಿ ಒಂದೇ ಎಂದು ಬರೆದಿದ್ದೆ, ತಿದ್ದಿಕೋ.

ಇಲ್ಲಿಯ ಸುದ್ದಿ. ಕೀ ಮಾಡುವವಳ ಪರವಾಗಿ ಒಬ್ಬರು ವಕೀಲೆ ಬಂದಿದ್ದರು. ಗೋದಾಮಿನ ಒಳಗೆ ಬಿಡಲಿಲ್ಲ. ಗೇಟಿನ ಎದುರು ಚಹಾ ಅಂಗಡಿಯ ಬೆಂಚಿನ ಮೇಲೆ ಫೈಲು ಹರವಿಕೊಂಡು ಕೂತಿದ್ದರು, ನಾನೇ ಹೋಗಿ ಮಾತನಾಡಿಸಿದೆ. ರಬ್ಬರಿನ ವಿಷಯ ಪೂರ್ತಿ ಹೇಳಿ, ಇದರಿಂದ ಯಾರಿಗೆ ಏನಾಗುತ್ತದೆ ಎಂದು ನೇರವಾಗಿ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು.

"ನೋಡಮ್ಮ, ವೇಗ ಅಂದ್ರೆ ನಿಮ್ಮಪ್ಪ. ರಬ್ಬರ್ ಅಂದ್ರೆ ಕಂಪನಿ. ಡ್ರೈವರ್ ನಮ್ಮ ನಿಯಮ ಮೀರಿ ಓಡಿಸಿದ, ಹೊಣೆ ಅವನದೇ ಅಂತ ಕಂಪನಿ ಬರೆದುಕೊಟ್ಟಿದೆ. ನಿಮ್ಮಪ್ಪ ಅದನ್ನೇ ಹೌದು ಅಂತಿದ್ದಾರೆ. ನಾಳೆ ಕೇಸು ಗೆದ್ರೂ ನನ್ನ ಕಕ್ಷಿದಾರಳು ಯಾರ ಹತ್ರ ಹೋಗಿ ಕೇಳಬೇಕು? ಇಲ್ಲದವನ ಮೇಲೆ ಗೆಲ್ಲೋದು ಗೋಡೆ ಮೇಲೆ ಗೆದ್ದ ಹಾಗೆ."

"ನಾನು ಕೋರ್ಟಿನಲ್ಲಿ ಹೇಳಿದರೆ?"

"ನೀವು ಹೇಳಿದ್ರೆ ಕಂಪನಿಯನ್ನ ಹಿಡಿಯೋಕೆ ಕೊಂಡಿ ಸಿಗುತ್ತೆ. ಆದ್ರೆ ಹಾಸು ಒಯ್ದದ್ದು, ಚೀಟಿಯಲ್ಲಿ ಸುಳ್ಳು ಗುರುತು ಹಾಕಿದ್ದು, ಎರಡನ್ನೂ ಅವರು ನಿಮ್ಮ ಮೇಲೆ ಹಾಕ್ತಾರೆ. ಕೆಲಸ ಅಂತೂ ಹೋಗುತ್ತೆ. ಕೇಸೂ ಹಾಕಬಹುದು. ಹಾಕಲ್ಲ ಅಂತ ನಾನು ಭರವಸೆ ಕೊಡಲ್ಲ."

ಅವರು ಭರವಸೆ ಕೊಡದಿದ್ದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಸಂಜೆ ಸೂಪರ್‌ವೈಸರ್ ನನ್ನನ್ನು ಗಾಜಿನ ಕೋಣೆಗೆ ಕರೆದರು. ನಾನು ಆ ಬೆಂಚಿನಲ್ಲಿ ಕೂತದ್ದನ್ನು ಯಾರೋ ಹೇಳಿದ್ದರು. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದರು, ಅದೇ ನನಗೆ ಭಯ.

"ಆರು ಸಾಕು, ಕಳಿಸು ಅಂದಿದ್ದು ನಾನೇ. ಇಲ್ಲ ಅನ್ನಲ್ಲ," ಎಂದರು. "ಆದ್ರೆ ಇಲ್ಲಿ ಅಂತೀನಿ, ಕೋರ್ಟಲ್ಲಿ ಅನ್ನಲ್ಲ. ನನ್ನ ಮೇಲೂ ಜನ ಇದ್ದಾರೆ ಕಣಮ್ಮ. ಹಾಸು ಬೇಕು ಅಂತ ಮೂರು ಸಲ ಬರೆದು ಕಳಿಸಿದ್ದೆ. ಮೇಲೆ ಹೋದ ಕಾಗದ ಗಾಳಿಪಟದ ಹಾಗೆ, ದಾರ ನನ್ನ ಕೈಲಿ, ಪಟ ಯಾವನ ಮನೆ ಮೇಲೋ."

"ಅದನ್ನೇ ಹೇಳಿ ಸರ್."

"ನೀನು ಒಯ್ದ ನಾಲ್ಕರ ವಿಷ್ಯ ನಂಗೆ ಗೊತ್ತು. ಸ್ಟೋರಿನವನು ಎಣಿಸಿದ್ದಾನೆ. ನೀನು ಬಾಯಿ ಬಿಟ್ರೆ ನಾನೂ ಬಿಡಬೇಕಾಗುತ್ತೆ."

"ನೀವು ಬಿಡೋಕೆ ಮುಂಚೆ ನಾನೇ ಬಿಡ್ತೀನಿ ಸರ್. ಆಗ ನಿಮಗೆ ಬಿಡೋಕೆ ಏನೂ ಉಳಿಯಲ್ಲ."

ಅವರು ಎದ್ದು ನನಗಾಗಿ ಬಾಗಿಲು ತೆರೆದರು. ಆಮೇಲೆ "ನಿನ್ನಂಥವಳನ್ನ ಇಟ್ಟುಕೊಂಡು ನಿಮ್ಮಪ್ಪ ಹೇಗೆ ನಿದ್ದೆ ಮಾಡ್ತಾನೋ" ಎಂದರು.

ಅದನ್ನೇ ನಾನೂ ಕೇಳುತ್ತಿದ್ದೇನೆ. ಮೆಷಿನ್ನಿನ ವಿಷಯ ನಿನಗೆ ಹೇಗೆ ಗೊತ್ತು?

ಬುಗುರಿ


ಮಾರ್ಚ್ ೨೪

ತಾಯೀ,

ಇದು ನಿಮ್ಮ ತಂದೆ ಹೇಳಿ ಬರೆಸಿದ್ದಲ್ಲ. ಅವರು ಎಕ್ಸ್‌ರೇಗೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕು. ನಿಮ್ಮ ಕಾಗದ ಓದಿ ಹೇಳಿದೆ. ಕೊನೆಯ ಪ್ರಶ್ನೆ ಬಂದಾಗ "ಸಾಕು, ಮಡಚಿಡಿ" ಎಂದರು. ಎರಡು ವಾರವಾಯಿತು, ಉತ್ತರ ಬರೆಸಲಿಲ್ಲ. ಬೋರ್ಡು ಬರೆಯುವವನಿಗೆ ಖಾಲಿ ಹಲಗೆ ನೋಡಿಕೊಂಡು ಕೂರುವುದು ಕಷ್ಟ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಕೀ ಮಾಡುವ ಹೆಂಗಸು ಇದೇ ಆಸ್ಪತ್ರೆಯಲ್ಲಿ, ವರಾಂಡದ ಆ ತುದಿಯ ವಾರ್ಡಿನಲ್ಲಿದ್ದಾರೆ. ಮೂರನೇ ಸಲ ಕೈ ಕೊಯ್ದಿದ್ದಾರೆ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ. ಇದನ್ನು ನಿಮ್ಮ ತಂದೆ ನಿಮಗೆ ಹೇಳಿರಲಾರರು. ಅವರು ದಿನಾ ಸಂಜೆ ಗಾಲಿ ಕುರ್ಚಿಯಲ್ಲಿ ಅಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಹೇಳಿರಲಾರರು. ಮೊದಲ ವಾರ ಬಾಗಿಲ ಹೊರಗೇ ನಿಲ್ಲುತ್ತಿದ್ದರಂತೆ. ಆಮೇಲೆ ಆಕೆಯೇ "ಒಳಗೆ ಬನ್ನಿ, ಗಾಳಿಗೆ ಅಡ್ಡ ನಿಂತಿದ್ದೀರಿ" ಎಂದು ಕರೆದರಂತೆ.

ಮೊನ್ನೆ ನಾನೂ ಊರುಗೋಲು ಹಾಕಿಕೊಂಡು ಜೊತೆಗೆ ಹೋಗಿದ್ದೆ. ಆಕೆ ಎಡಗೈಯಲ್ಲಿ ಅರ ಹಿಡಿದು ಒಂದು ಹಳೆಯ ಕೀ ಉಜ್ಜುತ್ತಿದ್ದರು. ಅದನ್ನು ಮಂಚದ ಕಂಬಿಗೆ ಕಟ್ಟಿಕೊಂಡಿದ್ದರು. ನಮ್ಮನ್ನು ನೋಡಿ ಕೈ ನಿಲ್ಲಿಸದೆ ಮಾತನಾಡಿದರು.

"ಅಣ್ಣಾ, ನೀವು ಜೋರಾಗಿ ಬರಲಿಲ್ಲ. ನಾನು ಎದುರಿಗೇ ಕೂತಿದ್ದೆ. ಒಬ್ಬ ಹುಡುಗ ಸೈಕಲ್ಲಲ್ಲಿ ನಿಮ್ಮನ್ನ ಹಿಂದೆ ಹಾಕಿ ಹೋದ. ಗಾಡಿ ನಿಧಾನವಾಗೇ ತಿರುಗ್ತು, ಒಳಗೆ ಏನೋ ಗುಡುಗಿದ ಹಾಗಾಯ್ತು, ಆಮೇಲೆ ವಾಲಿತು. ಇದನ್ನ ನಾನು ಹೇಳಿದ್ರೆ, ಪರಿಹಾರಕ್ಕೆ ಕಾದು ಕೂತವಳು ಹೇಳದೆ ಏನು ಮಾಡ್ತಾಳೆ ಅಂತಾರೆ. ನೀವು ಹೇಳಿದ್ರೆ ನಡೆಯುತ್ತೆ."

ನಿಮ್ಮ ತಂದೆ ಬಾಗಿಲಿನ ಕಡೆಗೆ ಕುರ್ಚಿ ತಿರುಗಿಸಿದರು.

"ಸಾವಿರ ಬೀಗ ತೆಗೆದಿದ್ದೀನಿ," ಎಂದರು ಆಕೆ. "ಮನೆಯವನೇ ಒಳಗಿಂದ ಚಿಲಕ ಹಾಕಿ ಕೂತ ಬಾಗಿಲಿಗೆ ನನ್ನ ಹತ್ರ ಕೀ ಇಲ್ಲ. ಇನ್ಯಾರನ್ನೋ ಕಾಪಾಡ್ತಿದ್ದೀರಿ ಅಂತ ಕಾಣುತ್ತೆ. ಕಾಪಾಡಿ. ಆದ್ರೆ ನನ್ನ ಕೈ ಕೊಟ್ಟು ಕಾಪಾಡ್ತಿದ್ದೀರಿ ಅನ್ನೋದು ನೆನಪಿರ್ಲಿ."

ವಾಪಸು ಬರುವಾಗ ನಿಮ್ಮ ತಂದೆ ಕುರ್ಚಿಯನ್ನು ಗೋಡೆಗೆ ಒರೆಸಿಕೊಂಡೇ ಬಂದರು. ಮೂವತ್ತು ವರ್ಷ ಲಾರಿ ಓಡಿಸಿದವರು.

ಕಂಪನಿಯ ವಕೀಲರು ಟೈಪು ಮಾಡಿದ ಹೇಳಿಕೆ ತಂದು ಕೊಟ್ಟು ಹೋಗಿದ್ದಾರೆ. "ಸರಕಿನಲ್ಲಿ ಯಾವ ದೋಷವೂ ಇರಲಿಲ್ಲ" ಎಂದಿದೆ. ಇನ್ನೂ ಸಹಿ ಹಾಕಿಲ್ಲ. ಪ್ಲಾಸ್ಟರ್ ತೆಗೆದರೂ ಬಲಗೈ ಬೆರಳು ಮಡಚುತ್ತಿಲ್ಲವೆಂದು ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಸಹಿಗೋ, ನಿಮಗೆ ಕಾಗದ ಬರೆಯಲೋ, ನನಗೆ ತಿಳಿಯದು. ನನ್ನ ಕೈಯಲ್ಲಿ ಬರೆಸಲಾಗದ್ದು ಅವರಲ್ಲಿ ಏನೋ ಇದೆ.

ಗಾಲಿ ಸದ್ದು ಕೇಳುತ್ತಿದೆ.

ಇಂತು,
ಪೇಂಟರ್


ಏಪ್ರಿಲ್ ೨

ಅಪ್ಪಾ,

ನೀನು ಉತ್ತರ ಬರೆಯಲಿಲ್ಲ, ಅದಕ್ಕೆ ಅಮ್ಮನನ್ನು ಕೇಳಿದೆ. ಕೇಳಬೇಕಾದರೆ ಹಾಸು ಎಲ್ಲಿಂದ ಬಂತೆಂದು ಮೊದಲು ಹೇಳಬೇಕಾಯಿತು. ಹೇಳಿದೆ. ಅವಳು ಹೊಲಿಯುತ್ತಿದ್ದ ಅಂಗಿಯ ತೋಳನ್ನು ಮುಗಿಸಿ, ದಾರ ಕಚ್ಚಿ, ಆಮೇಲೆ ಮಾತನಾಡಿದಳು.

"ಹೊರಡೋ ದಿನ ಬೆಳಗ್ಗೆ ನಿಮ್ಮಪ್ಪ ಅಂಗಿ ಗುಂಡಿ ಹಾಕಿಸಿಕೊಳ್ಳೋಕೆ ಇಲ್ಲಿ ಕೂತಿದ್ರು. ಗುಂಡಿ ಕೆಳಗೆ ಬಿತ್ತು. ಬಗ್ಗಿ ಹುಡುಕಿದೋರು ಎಷ್ಟೊತ್ತಾದ್ರೂ ಏಳಲಿಲ್ಲ. ಸೊಂಟ ಹಿಡೀತಾ ಅಂತ ಕೇಳ್ದೆ. ಇದನ್ನ ಯಾರು ತಂದ್ರು ಅಂದ್ರು. ಬುಗುರಿ ಅಂದೆ. ಚೆನ್ನಾಗಿದೆ ಅಂದ್ರು, ಎದ್ದು ಹೋದ್ರು."

ಚೆನ್ನಾಗಿದೆ ಎಂದೆಯಂತೆ. ಅದರ ಮೇಲೆ ಗೋದಾಮಿನ ಹಳದಿ ಪಟ್ಟೆ ಇದೆ. ಅದು ಏನೆಂದು ನಿನಗೆ ಗೊತ್ತು. ಅದಾದ ಮೂರು ಗಂಟೆಗೆ ಗೇಟಿನಲ್ಲಿ ನನ್ನನ್ನು ಕೇಳಿದೆ. ನಾನು "ಇದೆ" ಎಂದೆ. ನೀನು ಗಾಡಿ ಬಿಟ್ಟೆ.

ನೀನು ಯಾಕೆ ಇಳಿಯಲಿಲ್ಲ?

ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ.

ಬುಗುರಿ


ಏಪ್ರಿಲ್ ೧೧

ಬುಗುರೀ

ಇದು ನಾನೇ ಬರೆಯುತ್ತಿರುವುದು. ಎಡಗೈ. ಅಕ್ಷರ ನೋಡಿ ನಗಬೇಡ. ಒಂದು ಪುಟಕ್ಕೆ ಮೂರು ದಿನ ಆಯಿತು.

ಹೌದು, ನೋಡಿದ್ದೆ.

ದಾರಿಯಲ್ಲಿ ಅಂದುಕೊಂಡೆ, ಹೊಸದು ಬಂದಿರಬೇಕು, ಹಳೆಯದನ್ನು ತಂದಿದ್ದಾಳೆ. ಗೇಟಿನಲ್ಲಿ ಕೇಳಿದೆ. ನೀನು ಇದೆ ಅಂದೆ. ಟೈರ್ ನೋಡಿಕೊಂಡು ಅಂದೆ. ನೀನು ಯಾವಾಗಲೂ ನನ್ನ ಮುಖ ನೋಡಿ ಹೇಳುತ್ತೀಯ.

ಬೇರೆ ಯಾರಾದರೂ ಆಗಿದ್ದರೆ ಇಳಿಯುತ್ತಿದ್ದೆ. ಅಲ್ಲಿ ನಾಲ್ಕು ಜನ ಡ್ರೈವರುಗಳು ನಿಂತಿದ್ದರು. ಇಳಿದು ಟಾರ್ಪಾಲು ಎತ್ತಿದರೆ ಅವರೆಲ್ಲರ ಎದುರು ನೀನು ಸುಳ್ಳಿ ಆಗುತ್ತಿದ್ದೆ. ಇವಳು ಸುಳ್ಳು ಹೇಳಲ್ಲ ಅಂತ ಅವರಿಗೆಲ್ಲ ಹೇಳಿದವನು ನಾನೇ. ಎತ್ತಿದರೆ ಅದು ಹೋಗುತ್ತಿತ್ತು. ಎತ್ತಲಿಲ್ಲ. ಆಯಮ್ಮನ ಮೂರು ಬೆರಳು ಹೋದವು.

ಪಟ್ಟಿ ಬಿಗಿಸಿದ ಮೇಲೆ ಅಂಗಳದಲ್ಲಿ ಒಂದು ಸುತ್ತು ಹಾಕಿ ನೋಡಬೇಕು. ಅದನ್ನೂ ಹಾಕಲಿಲ್ಲ. ಹಾಕಿದ್ದರೆ ಜಾರುವುದು ಅಲ್ಲೇ ಕೇಳುತ್ತಿತ್ತು. ಅದಕ್ಕೇ ಹಾಕಲಿಲ್ಲ.

ಜೋರಾಗಿ ಬಂದೆ ಅನ್ನುವುದು ಸುಳ್ಳು. ತಪ್ಪು ನನ್ನದು ಅನ್ನುವುದು ಸುಳ್ಳಲ್ಲ.

ಕಂಪನಿಯ ಕಾಗದ ದಿಂಬಿನ ಕೆಳಗಿದೆ. ನೀನು ಬರದಿದ್ದರೆ ಸಹಿ ಹಾಕುತ್ತೇನೆ. ಬರಬೇಡ. ಬರಬೇಡ ಅಂತ ಹೇಳಿದ್ದೇನೆ ಅಂತ ಅಮ್ಮನಿಗೂ ಹೇಳು.

ಕೈ ನೋಯುತ್ತಿದೆ

ಅಪ್ಪ


ಏಪ್ರಿಲ್ ೧೭

ಅಪ್ಪಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಎದುರಿಗೆ ಬಂದಾಗ ಬಾಯಿ ಮತ್ತೆ ಕೈಕೊಟ್ಟರೆ ಇದನ್ನೇ ನಿನಗೆ ಕೊಡುತ್ತೇನೆ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಬರಬೇಡ ಎಂದು ಎರಡು ಸಲ ಬರೆದದ್ದನ್ನೂ ಓದಿದೆ. "ಎರಡು ಸಲ ಬರೆದಿದ್ದಾರಾ? ಹಾಗಾದ್ರೆ ಬರಲಿ ಅಂತಲೇ" ಎಂದಳು. ಆಮೇಲೆ ಮೆಷಿನ್ನಿನ ಒಂದು ಕಡೆ ಅವಳು ಎತ್ತಿದಳು, ಹಾಸು ನಾನು ಎಳೆದೆ. ನಾಲ್ಕನ್ನೂ ಬಚ್ಚಲಲ್ಲಿ ಸೋಪು ಹಾಕಿ ತೊಳೆದಳು. ಕೋರ್ಟಿಗೆ ತೋರಿಸುವುದಕ್ಕೆ ತೊಳೆಯಬಾರದು, ಇದ್ದ ಹಾಗೇ ಇರಬೇಕು ಎಂದರೆ, "ದೂಳು ಇಟ್ಟುಕೊಂಡು ಊರ ಮುಂದೆ ಹೋಗ್ತೀಯಾ" ಎಂದು ಗದರಿದಳು. ಹಳದಿ ಪಟ್ಟೆ ಈಗ ಇನ್ನೂ ಚೆನ್ನಾಗಿ ಕಾಣುತ್ತದೆ. ಉಳಿದ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದಾಳೆ. ಅದನ್ನು ಹೊಲಿಯುವಾಗ ಮೆಷಿನ್ ಮೊದಲಿನ ಹಾಗೆ ಬಾಗಿಲಿಗೆ ಹೊರಟಿತು. ಕೆಳಗಿನಿಂದ ಕೋಲು ಶುರುವಾಯಿತು. ಅಮ್ಮ ಒಂದು ಕಾಲು ಮೆಷಿನ್ನಿನ ಕಾಲಿಗೆ ಅಡ್ಡ ಕೊಟ್ಟುಕೊಂಡು, "ಕುಟ್ಟಲಿ ಬಿಡು. ಅವರ ಕೋಲು, ಅವರ ಸೀಲಿಂಗು" ಎಂದಳು. ಮನೆ ಓನರ್ ಬಂದರೆ ಏನು ಮಾಡುವುದೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಕೆಲಸದ ವಿಷಯ. ಸೋಮವಾರದಿಂದ ಬರಬೇಡ ಎಂದಿದ್ದಾರೆ. ಸಾಕ್ಷಿ ಹೇಳುತ್ತೇನೆಂದು ಬರೆದುಕೊಟ್ಟಿದ್ದೆ, ಅದಕ್ಕೆ. ಇವತ್ತು ಕೊನೆಯ ದಿನ. ಗೋದಾಮಿಗೆ ಹೊಸ ಹಾಸುಗಳು ಬಂದಿವೆ, ಹಸಿರು ಬಣ್ಣದವು, ಪೂರ್ತಿ ಇಪ್ಪತ್ತನಾಲ್ಕು. ಜನವರಿಯಲ್ಲೇ ಬಂದವು. ಯಾರೂ ಯಾರಿಗೂ ಏನೂ ಹೇಳದೆ ತಂದು ರಾಶಿ ಹಾಕಿದರು. ಇದನ್ನು ನಿನಗೆ ಮೊದಲೇ ಬರೆಯಬೇಕಿತ್ತು. ನೋಡಿದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ, ಬರೆಯಲಾಗಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ನನ್ನ ಫೋರ್ಕ್‌ಲಿಫ್ಟಿನ ಸೀಟಿನ ಮೇಲೆ ಮಡಚಿದ ಒಂದು ಕಾಗದವಿತ್ತು. "ರೀಲು ಹಾಸುಗಳು ತುರ್ತಾಗಿ ಬೇಕು, ಇರುವುದು ಸಾಲುತ್ತಿಲ್ಲ" ಎಂದು ಮೇಲಿನ ಆಫೀಸಿಗೆ ಬರೆದದ್ದರ ನಕಲು. ತಾರೀಕು ಕಳೆದ ಸೆಪ್ಟೆಂಬರಿನದು. ಸಹಿ ಇರಬೇಕಾದ ಮೂಲೆ ಹರಿದಿತ್ತು. ಗಾಜಿನ ಕೋಣೆಯ ಕಡೆ ನೋಡಿದೆ. ಸೂಪರ್‌ವೈಸರ್ ನನಗೆ ಬೆನ್ನು ಹಾಕಿ ನಿಂತು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ಓದುತ್ತಿದ್ದರು. ವಕೀಲೆಗೆ ಫೋನ್ ಮಾಡಿ ಹೇಳಿದೆ. ಮೂಲೆ ಇಲ್ಲದಿದ್ದರೂ ಪರವಾಗಿಲ್ಲ, ತನ್ನಿ ಎಂದರು.

ಸಂಜೆ ಕೊನೆಯ ಲಾರಿ ನಿನ್ನದೇ ರೂಟಿನದು. ಹನ್ನೆರಡು ರೀಲು, ಹನ್ನೆರಡು ಹಾಸು. ಈಗ ನಿನ್ನ ಜಾಗದಲ್ಲಿರುವವನು ನನಗಿಂತ ಎರಡು ವರ್ಷ ದೊಡ್ಡವನಿರಬೇಕು. ಸೀಟಿನ ಹಿಂದೆ ಮಗುವಿನ ಬೂಟು ನೇತುಹಾಕಿಕೊಂಡಿದ್ದಾನೆ. ಕಿಟಕಿಯಿಂದ ತಲೆ ಹಾಕಿ ಕೇಳಿದ.

"ರಬ್ಬರ್?"

"ಇಳಿದು ನೋಡು," ಎಂದೆ.

"ಇದೆಯೋ ಇಲ್ವೋ ಹೇಳಮ್ಮಾ, ಹೊತ್ತಾಯ್ತು."

"ಇದೆ. ಇಳಿದು ನೋಡು."

ಗೊಣಗಿಕೊಂಡು ಇಳಿದ. ನಾನು ಟಾರ್ಪಾಲು ಎತ್ತಿ ಹಿಡಿದೆ. ಅವನು ಬಗ್ಗಿ ಒಂದೊಂದನ್ನೂ ಬೆರಳಿಂದ ಮುಟ್ಟಿ ಎಣಿಸಿದ. ನಿಂತಿದ್ದ ಡ್ರೈವರುಗಳು ನಕ್ಕರು. "ಏನಮ್ಮ, ನಿನ್ನ ಮಾತು ನಿನಗೇ ಸಾಲ್ತಿಲ್ವಾ?" ಎಂದ ಒಬ್ಬ. "ಸಾಲ್ತಿಲ್ಲ" ಎಂದೆ. ಹೊಸ ಡ್ರೈವರ್ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿಸಿದ, ಪಟ್ಟಿ ಮತ್ತೆ ಬಿಗಿಸಿದೆವು, ಹೋದ.

ಅಪ್ಪಾ, ನನಗೆ ನಾಚಿಕೆಯಾಗದಿರಲಿ ಎಂದು ನೀನು ಗಾಡಿಯಿಂದ ಇಳಿಯಲಿಲ್ಲ. ಅದನ್ನು ಓದಿದ ಮೇಲೆ ಸಿಟ್ಟು ಯಾರ ಮೇಲೂ ಉಳಿಯಲಿಲ್ಲ, ಅದೇ ದೊಡ್ಡ ಕಷ್ಟವಾಗಿದೆ. ಆದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡಿದ್ದು ಮೂರನೆಯವಳ ಕೈ ಕೊಟ್ಟು. ಹತ್ತೊಂಬತ್ತಕ್ಕೆ ನನ್ನನ್ನು ಮೊದಲು ಕರೆಯುತ್ತಾರಂತೆ. ಹಾಸು ಒಯ್ದದ್ದು, ಸುಳ್ಳು ಗುರುತು ಹಾಕಿದ್ದು, ಆರು ಸಾಕು ಎಂದವರು ಯಾರು ಎನ್ನುವುದು, ಎಲ್ಲವನ್ನೂ ಆದ ಕ್ರಮದಲ್ಲೇ ಹೇಳುತ್ತೇನೆ. ಗುಂಡಿ ಬಿದ್ದದ್ದನ್ನು ನಾನು ಹೇಳುವುದಿಲ್ಲ. ಅದು ನಿನ್ನದು, ನೀನೇ ಹೇಳಬೇಕು. ದಿಂಬಿನ ಕೆಳಗಿನ ಕಾಗದವನ್ನು ಪೇಂಟರ್ ಅವರಿಗೆ ಕೊಟ್ಟುಬಿಡು, ಹಿಂಭಾಗ ಖಾಲಿ ಇರುತ್ತದೆ, ಏನಾದರೂ ಒಳ್ಳೆಯದು ಬರೆಯುತ್ತಾರೆ.

ನಿನ್ನನ್ನು ನೋಡುವ ಮೊದಲು ವರಾಂಡದ ಆ ತುದಿಗೆ ಹೋಗಬೇಕು. ಅಲ್ಲಿ ಏನು ಹೇಳಬೇಕೆಂದು ನನಗೆ ಇನ್ನೂ ಗೊತ್ತಿಲ್ಲ. ಮುಖ ನೋಡಿ ಹೇಳುತ್ತೇನೆ.

ಚೀಲ ಬಾಗಿಲ ಹತ್ತಿರ ಇಟ್ಟಿದ್ದೇನೆ, ಒಂಟಿ ಕೈಯಲ್ಲಿ ಎತ್ತಲಾಗದಷ್ಟು ಭಾರವಿದೆ. ನಾಳೆ ಬೆಳಗ್ಗೆ ಆರೂಕಾಲರ ಬಸ್ಸಿಗೆ ಹೊರಡುತ್ತೇನೆ.

ಬುಗುರಿ